ಸರ್ವರ್ ಬಿದ್ದರೆ ಬಡ್ಡಿ ನಮಗೇಕೆ?



"ಸರ್ವರ್ ಇಲ್ಲ, ನಾಳೆ ಬನ್ನಿ." ಈ ಮಾತು ಕೇಳದ ರೈತ ಯಾರಿದ್ದೀರಿ? ಪಹಣಿಗೆ ಹೋದರೆ ಸರ್ವರ್ ಇಲ್ಲ. ಋಣಭಾರ ಪತ್ರಕ್ಕೆ ಹೋದರೆ ಸರ್ವರ್ ಇಲ್ಲ. ಸೊಸೈಟಿಗೆ ದುಡ್ಡು ಕಟ್ಟಲು ಹೋದರೂ ಸರ್ವರ್ ಇಲ್ಲ. ನಮ್ಮ ಅಪ್ಪಂದಿರ ಕಾಲದಲ್ಲಿ ಶಾನುಭೋಗರು ಊರಲ್ಲಿಲ್ಲ ಅನ್ನುತ್ತಿದ್ದರು. ಶಾನುಭೋಗರಾದರೆ ಮನೆ ಬಾಗಿಲಿಗೆ ಹೋಗಿ ಕೂತು ಹಿಡಿದುಕೊಂಡು ಬರಬಹುದಿತ್ತು. ಈ ಸರ್ವರಪ್ಪನ ಮನೆ ಎಲ್ಲಿದೆ ಸ್ವಾಮಿ?

ನನ್ನ ಪಕ್ಕದ ಹೊಲದವನ ಕತೆ ಕೇಳಿ. ಬೆಳೆಸಾಲದ ಗಡುವು ಬಂತು. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ದಾಟಿದರೆ ಆ ರಿಯಾಯಿತಿಯೇ ಹೋಯಿತು. ಇದು ನಿಮಗೆ ಗೊತ್ತಿರುವ ವಿಷಯವೇ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ರಾಗಿ ಹಾಕಿದರೆ ದುಡ್ಡು ಬರುವುದು ಯಾವ ಕಾಲಕ್ಕೋ ಎಂದು ಹೆದರಿ, ಊರ ಮುಂದಿನ ವ್ಯಾಪಾರಿಗೆ ಅಗ್ಗಕ್ಕೆ ಅಳೆದುಕೊಟ್ಟು, ಕಡೇ ದಿನ ಬೆಳಿಗ್ಗೆ ದುಡ್ಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಸೊಸೈಟಿಗೆ ಹೋದ. ನಾನೂ ಜೊತೆಗಿದ್ದೆ. ಸಂಜೆಯವರೆಗೆ ಕಾದೆವು. ಸರ್ವರ್ ಬರಲಿಲ್ಲ. ಕೈಬರಹದ ರಸೀದಿಯನ್ನಾದರೂ ಕೊಡಿ ಅಂದರೆ ಈಗ ಅದು ನಡೆಯಂಗಿಲ್ಲ ಅಂದರು. ಎರಡು ದಿನ ಬಿಟ್ಟು ಹೋದರೆ ಯಂತ್ರ ಅವನನ್ನು ಸುಸ್ತಿದಾರ ಎಂದು ಬರೆದುಕೊಂಡಿತ್ತು! ರಾಗಿಯಲ್ಲೂ ನಷ್ಟ, ಬಡ್ಡಿಯಲ್ಲೂ ನಷ್ಟ. ಕಾರ್ಯದರ್ಶಿಯನ್ನು ಬೈದು ಉಪಯೋಗವಿಲ್ಲ. ಅವನ ಕೈಯಲ್ಲೂ ಏನೂ ಇಲ್ಲ.

ಈಗ ಆ ಮನೆಯ ವಿಚಾರಕ್ಕೆ ಬರೋಣ. ಅದಕ್ಕೆ ಡೇಟಾ ಸೆಂಟರ್ ಅನ್ನುತ್ತಾರೆ. ದೊಡ್ಡ ಗೋದಾಮಿನಂಥ ಕಟ್ಟಡ. ಒಳಗೆ ಕಬ್ಬಿಣದ ಬೀರುಗಳ ಸಾಲು, ಒಂದೊಂದು ಬೀರುವಿನಲ್ಲೂ ಕಂಪ್ಯೂಟರುಗಳು, ಹಗಲೂ ರಾತ್ರಿ ತಣ್ಣನೆ ಗಾಳಿ. ಬಾಗಿಲಲ್ಲಿ ಕಾವಲು, ಬೆರಳಚ್ಚು, ಕ್ಯಾಮೆರಾ. ಒಳ್ಳೆಯದಾದರೆ ಕರೆಂಟು ಎರಡು ದಾರಿಯಲ್ಲಿ ಬರುತ್ತದೆ. ಎರಡೂ ಹೋದರೆ ಬ್ಯಾಟರಿ, ಅದು ಮುಗಿಯುವಷ್ಟರಲ್ಲಿ ಡೀಸೆಲ್ ಜನರೇಟರು. ಬ್ಯಾಂಕು, ಕಂಪನಿ, ವ್ಯಾಪಾರಸ್ಥರು ಬಾಡಿಗೆ ಕೊಟ್ಟು ತಮ್ಮ ಲೆಕ್ಕಪತ್ರವನ್ನು ಅಲ್ಲಿಡುತ್ತಾರೆ. ಈ ಮನೆಗಳಿಗೂ ದರ್ಜೆಗಳಿವೆ. ಮೂರನೇ ದರ್ಜೆಯದು ನೂರಕ್ಕೆ 99.982ರಷ್ಟು ಹೊತ್ತು ನಡೆಯಬೇಕು. ಅಂದರೆ ಇಡೀ ವರ್ಷದಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ ನಿಲ್ಲಬಹುದು. ನಾಲ್ಕನೆಯದಕ್ಕೆ ಅರ್ಧ ಗಂಟೆಯೂ ಇಲ್ಲ. ನಮ್ಮ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುತ್ತೇವೆ ಎನ್ನುವವರು ಈ ಅಂಕಿಯನ್ನು ಒಮ್ಮೆ ಓದಿಕೊಳ್ಳಲಿ. ಇರಲಿ, ಅದು ಬೇರೆ ಜಗಳ.

ವ್ಯಾಪಾರಸ್ಥ ಬಾಡಿಗೆ ಕೊಡುವಾಗ ಕರಾರು ಬರೆಸಿಕೊಳ್ಳುತ್ತಾನೆ. ಇಷ್ಟು ಹೊತ್ತಿಗಿಂತ ಹೆಚ್ಚು ನಿಂತರೆ ಬಾಡಿಗೆಯಲ್ಲಿ ಇಷ್ಟು ಮುರಿದುಕೊಳ್ಳುತ್ತೇನೆ ಅನ್ನುತ್ತಾನೆ. ಎರಡು ಪ್ರಶ್ನೆ ಮುಖ್ಯವಾಗಿ ಕೇಳುತ್ತಾನೆ. ಅನಾಹುತವಾದರೆ ಎಷ್ಟು ಹೊತ್ತಿನ ಲೆಕ್ಕ ಕಳೆದುಹೋಗುತ್ತದೆ? ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು? ನಾವು ಯಾವತ್ತಾದರೂ ಕೇಳಿದ್ದೇವೆಯೇ? ನಮ್ಮ ಸಾಲ, ನಮ್ಮ ಜಮೀನು, ನಮ್ಮ ಷೇರು, ಎಲ್ಲವೂ ಅಂಥ ಬೀರುಗಳೊಳಗೆ ಸೇರುತ್ತಿವೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಊರಿನ ಲೆಡ್ಜರು ದೂರದ ಯಂತ್ರಕ್ಕೆ ಹೊರಟಿತು. ಕರಾರಿನಲ್ಲಿ ನಮ್ಮ ಹೆಸರು ಎಲ್ಲಿದೆ?

ನಾನು ಕಂಪ್ಯೂಟರ್ ವಿರೋಧಿಯಲ್ಲ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಎರಡು ಕೋಟಿಯಷ್ಟು ಪಹಣಿಗಳು ಯಂತ್ರಕ್ಕೆ ಏರಿದಾಗ, ಒಂದು ಪಹಣಿಗಾಗಿ ಗ್ರಾಮಲೆಕ್ಕಿಗನ ಹಿಂದೆ ಅಲೆಯುವ ದೈನ್ಯ ತಪ್ಪಿತು. ಅದು ಸುಳ್ಳೆಂದು ಹೇಳಿದರೆ ನಾನು ಅನ್ಯಾಯ ಮಾಡಿದಂತೆ. ಆದರೆ ಯಂತ್ರ ಎಂದೂ ಕೆಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದಕ್ಷಿಣ ಕೊರಿಯಾ ನಮಗಿಂತ ಎಷ್ಟೋ ಮುಂದುವರಿದ ದೇಶ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ದೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಬಿತ್ತು. 709 ಸರ್ಕಾರಿ ವ್ಯವಸ್ಥೆಗಳು ನಿಂತುಹೋದವು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಉಗ್ರಾಣ ಸುಟ್ಟು ಬೂದಿಯಾಯಿತು. ಅದರ ನಕಲು ಬೇರೆಲ್ಲೂ ಇರಲಿಲ್ಲ! ಬಹಳ ದೊಡ್ಡದು, ನಕಲು ಮಾಡಲು ಆಗಲಿಲ್ಲ ಅಂದರಂತೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ರ ಮಾರ್ಚ್ 10ರಂದು ಒವಿಎಚ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್ ಸುಟ್ಟುಹೋಯಿತು. ಒಂದು ಗಿರಾಕಿ ಕಂಪನಿ ನಕಲಿಗೂ ದುಡ್ಡು ಕೊಟ್ಟಿತ್ತು, ಆದರೆ ಆ ನಕಲು ಅದೇ ಕಟ್ಟಡದಲ್ಲಿತ್ತು. ಅದು ಕೋರ್ಟಿಗೆ ಹೋಗಿ, 2023ರಲ್ಲಿ ಕೆಳಗಿನ ನ್ಯಾಯಾಲಯ ಪರಿಹಾರ ಕೊಡಿ ಎಂದು ತೀರ್ಪು ಕೊಟ್ಟಿತು. ಕೈಯಲ್ಲಿ ಕರಾರಿದ್ದವನಿಗೆ ಹೋಗಲು ಒಂದು ಕೋರ್ಟಾದರೂ ಇತ್ತು. ಬಿತ್ತನೆ ಬೀಜವನ್ನೆಲ್ಲ ಒಂದೇ ಗುಡಾಣದಲ್ಲಿ ಇಡುವ ದಡ್ಡ ನಮ್ಮೂರಿನಲ್ಲಿ ಇಲ್ಲ. ನಾಲ್ಕು ಸೇರನ್ನಾದರೂ ಅಟ್ಟದ ಮೇಲೋ ತಮ್ಮನ ಮನೆಯಲ್ಲೋ ಇಟ್ಟಿರುತ್ತೇವೆ.

ಬೆಂಕಿಯೊಂದೇ ಅಲ್ಲ, ಕಳ್ಳರೂ ಇದ್ದಾರೆ. ಒಳಗೆ ನುಗ್ಗಿ ಲೆಕ್ಕಕ್ಕೆ ಬೀಗ ಹಾಕಿ, ಕೀಲಿಗೆ ಹಣ ಕೇಳುವ ಕಳ್ಳರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೆ ಹೀಗಾಗಿ, ದಿನಗಟ್ಟಲೆ ಕಾಗದದ ಮೇಲೆ ಬರೆದು ರೋಗಿಗಳನ್ನು ನೋಡಿದರು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿಗೆ ಇದೇ ಹಾವಳಿ ತಟ್ಟಿತು. ರೋಗ ಹರಡದಿರಲೆಂದು ಅದನ್ನು ಪಾವತಿ ಜಾಲದಿಂದ ಕಡಿದು ಹಾಕಿದರು. ಸುಮಾರು 300 ಬ್ಯಾಂಕುಗಳ ಗಿರಾಕಿಗಳಿಗೆ ಹಣ ಕಳಿಸಲಾಗಲಿಲ್ಲ, ತೆಗೆಯಲಾಗಲಿಲ್ಲ. ಯಾವ ಬ್ಯಾಂಕುಗಳು ಅಂತ ಕೇಳಿ. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕು. ನಮ್ಮವೇ! ನಮ್ಮ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವನ್ನೂ 2025ರ ಜನವರಿಯಲ್ಲಿ ಸುಳ್ಳು ಅರ್ಜಿಗಳ ಪ್ರವಾಹ ಹರಿಸಿ ಕಿಡಿಗೇಡಿಗಳು ಮುಳುಗಿಸಿದರು. ಆ ದಿನಗಳಲ್ಲಿ ಋಣಭಾರ ಪತ್ರ ಸಿಗದೆ ಅಲೆದವರು ಇದನ್ನು ಓದುವವರಲ್ಲೂ ಇರಬಹುದು.

ಇಷ್ಟೆಲ್ಲ ಭದ್ರತೆಗೆ ಖರ್ಚಾಗುತ್ತದೆ, ಸಣ್ಣ ಸಂಘಗಳಿಗೆ ಎಲ್ಲಿಂದ ತರೋಣ ಅನ್ನುತ್ತಾರೆ ಅಧಿಕಾರಿಗಳು. ಖರ್ಚಾಗುತ್ತದೆ, ನಿಜ. ಎರಡನೇ ಊರಿನಲ್ಲಿ ಎರಡನೇ ಯಂತ್ರ ಇಡುವುದೆಂದರೆ ಪುಗಸಟ್ಟೆ ಕೆಲಸವಲ್ಲ. ಆದರೆ ಆ ಖರ್ಚು ಉಳಿಸಿದರೆ ನಷ್ಟ ಮಾಯವಾಗುತ್ತದೆಯೇ? ಅದು ಸದ್ದಿಲ್ಲದೆ ಬಂದು ನನ್ನ ಪಕ್ಕದ ಹೊಲದವನ ಬಡ್ಡಿಯ ಕಾಲಂನಲ್ಲಿ ಕೂರುತ್ತದೆ. ಯಂತ್ರದವನ ತಪ್ಪಿಗೆ ರೈತ ದಂಡ ತೆರುವುದು ಯಾವ ಊರಿನ ನ್ಯಾಯ?

ಸೆಪ್ಟೆಂಬರ್ ಒಳಗೆ ನಿಮ್ಮ ಸಂಘದ ಸರ್ವಸದಸ್ಯರ ಸಭೆ ನಡೆಯಬೇಕು. ಉಪ್ಪಿಟ್ಟು ತಿಂದು, ಸಹಿ ಹಾಕಿ ಎದ್ದು ಬರಬೇಡಿ. ಸರ್ವರ್ ನಿಂತಷ್ಟು ದಿನ ಸಾಲದ ಗಡುವು ತಾನಾಗಿ ಮುಂದಕ್ಕೆ ಹೋಗಬೇಕು, ರೈತ ಅರ್ಜಿ ಹಿಡಿದು ಅಲೆಯಕೂಡದು ಎಂದು ನಿರ್ಣಯ ಬರೆಸಿ. ಸರ್ವರ್ ಇಲ್ಲದ ದಿನ ಹಣ ತಂದವನಿಗೆ ಮೊಹರು ಒತ್ತಿದ ಕೈಬರಹದ ರಸೀದಿ ಸಿಗಬೇಕು, ಅದರ ತಾರೀಖೇ ಕಟ್ಟಿದ ತಾರೀಖು. ಪ್ರತಿ ತಿಂಗಳು ಎಲ್ಲರ ಬಾಕಿ ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಹಾಕಿ ಸಂಘದ ಬೀರುವಿನಲ್ಲಿಡಲಿ. ಲೆಕ್ಕದ ನಕಲು ಯಾವ ಊರಿನಲ್ಲಿದೆ, ಆ ನಕಲಿನಿಂದ ಲೆಕ್ಕ ಎಬ್ಬಿಸಿ ನೋಡಿದ್ದು ಯಾವಾಗ ಎಂದು ಜಿಲ್ಲಾ ಬ್ಯಾಂಕಿನವರು ಲಿಖಿತವಾಗಿ ಹೇಳಲಿ. ನಕಲು ಇದೆ ಅಂದರೆ ಸಾಲದು. ಮೊಳಕೆ ಕಟ್ಟಿ ನೋಡದ ಬೀಜ ಬೀಜವೇ ಅಲ್ಲ.

ಅಲ್ಲಿಯವರೆಗೆ ನಿಮ್ಮ ಪಾಸ್ ಪುಸ್ತಕ, ಹಳೇ ರಸೀದಿ, ಹಳೇ ಪಹಣಿ ಯಾವುದನ್ನೂ ಎಸೆಯಬೇಡಿ. ಟ್ರಂಕಿನಲ್ಲಿ ಇಡಿ, ಇಲಿ ಕಡಿಯದ ಹಾಗೆ. ಸರ್ವರ್ ಇಲ್ಲ ಎಂದು ವಾಪಸ್ಸು ಕಳಿಸಿದ ದಿನ, ಹೊತ್ತು, ಕೌಂಟರಿನಲ್ಲಿ ಇದ್ದವರು ಯಾರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಜೊತೆಗಿದ್ದ ಇಬ್ಬರ ಸಹಿ ಹಾಕಿಸಿ. ನನ್ನ ಪಕ್ಕದ ಹೊಲದವನ ಪರವಾಗಿ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಬಂದರೆ ಈ ಪತ್ರಿಕೆಯಲ್ಲೇ ತಿಳಿಸುತ್ತೇನೆ.