ಹಣ ಕಟ್ಟುವ ಮೊದಲು ಹಗ್ಗ ಕಲಿಯಿರಿ

ನೇಪಾಳದ ಅಮಾ ದಬ್ಲಾಮ್ ಶಿಖರದ ಎತ್ತರ 6,812 ಮೀಟರ್. ಎವರೆಸ್ಟ್‌ಗಿಂತ ಎರಡು ಸಾವಿರ ಮೀಟರ್ ಕಡಿಮೆ. ಆದರೆ ಬಂಡೆ ಮತ್ತು ಹಿಮ ಹತ್ತುವ ಕೌಶಲದ ಮಾತು ಬಂದಾಗ, ಎವರೆಸ್ಟ್‌ನ ಸಾಮಾನ್ಯ ದಾರಿಗಿಂತ ಇದೇ ಕಠಿಣ. 1961ರಲ್ಲಿ ಇದನ್ನು ಮೊದಲು ಏರಿದವರು ಎಡ್ಮಂಡ್ ಹಿಲರಿ ನೇತೃತ್ವದ ವೈಜ್ಞಾನಿಕ ತಂಡದ ನಾಲ್ವರು ನುರಿತ ಆರೋಹಿಗಳು. ಇಂದು ಶೆರ್ಪಾ, ಡೇರೆ, ಊಟ, ಪರವಾನಗಿ ಎಲ್ಲವೂ ಒಂದೇ ಶುಲ್ಕದಲ್ಲಿ ಸಿಗುತ್ತವೆ. ಸೇರಬಯಸುವವರ ಅನುಭವವನ್ನು ಎಷ್ಟು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂಬುದು ಮಾತ್ರ ಬಹುಮಟ್ಟಿಗೆ ಆಯೋಜಕರ ವಿವೇಚನೆಗೆ ಬಿಟ್ಟ ವಿಷಯ. ಅಪಾಯ ಶುರುವಾಗುವುದು ಇಲ್ಲಿಂದಲೇ.

ನೈರುತ್ಯದ ಏಣಿನುದ್ದಕ್ಕೂ ಶೆರ್ಪಾಗಳು ಹಗ್ಗ ಬಿಗಿದಿರುತ್ತಾರೆ. ಹಗ್ಗವಿದ್ದ ಮೇಲೆ ಭಯವೇನು ಎಂದು ಅನ್ನಿಸುವುದು ಸಹಜ. ಆದರೆ ಎರಡನೇ ಶಿಬಿರದ ಕೆಳಗಿನ ‘ಯೆಲ್ಲೋ ಟವರ್’ ಹೆಚ್ಚುಕಡಿಮೆ ನೆಟ್ಟಗಿನ ಬಂಡೆ. ಉಸಿರು ಸಿಗದ ಆ ಎತ್ತರದಲ್ಲಿ, ದಪ್ಪ ಕೈಗವಸು ತೊಟ್ಟು, ಗಂಟು ಬಂದಲ್ಲೆಲ್ಲ ಜೂಮರ್ (ಹಗ್ಗ ಹಿಡಿದು ಮೇಲೇರುವ ಸಾಧನ) ಕಳಚಿ ಮುಂದಿನ ಹಗ್ಗಕ್ಕೆ ಹಾಕಬೇಕು. ಆ ಹೊತ್ತಿನಲ್ಲಿ ಇನ್ನೊಂದು ಕೊಂಡಿ ಹಗ್ಗಕ್ಕೆ ಸಿಕ್ಕಿಕೊಂಡೇ ಇರಬೇಕು. ಹಿಂದಿನ ವರ್ಷಗಳ ಸವೆದ ಹಗ್ಗಗಳೂ ಪಕ್ಕದಲ್ಲೇ ತೂಗಾಡುತ್ತಿರುತ್ತವೆ. ಯಾವುದನ್ನು ನಂಬಬೇಕೆಂದು ತಿಳಿದಿರಬೇಕು. ಇಳಿಯುವಾಗ ದಣಿದ ಕೈಗಳಿಂದ ಇದೆಲ್ಲವನ್ನೂ ಮತ್ತೆ ಮಾಡಬೇಕು. ಮಾರ್ಗದರ್ಶಕ ಎಷ್ಟೇ ಸಮರ್ಥನಿದ್ದರೂ, ಪ್ರತಿ ಗಂಟಿನ ಬಳಿಯೂ ನಮ್ಮ ಪರವಾಗಿ ಈ ಕೆಲಸ ಮಾಡಲಾರ.

ತರಬೇತಿ ಇದ್ದರೆ ಸಾವು ಹತ್ತಿರ ಸುಳಿಯದು ಎಂದೇನಲ್ಲ. 2006ರ ನವೆಂಬರ್‌ನಲ್ಲಿ ಶಿಖರದ ಕೆಳಗೆ ಜೋತುಬಿದ್ದಿದ್ದ ಹಿಮರಾಶಿ ಕಳಚಿ ಮೂರನೇ ಶಿಬಿರದಲ್ಲಿದ್ದ ಆರು ಮಂದಿ ಸತ್ತರು. ಅವರಲ್ಲಿ ಮೂವರು ಶೆರ್ಪಾಗಳು. ಅಂಥ ಕುಸಿತವನ್ನು ಯಾರೂ ತಡೆಯಲಾರರು. ಆದರೆ ಅದರ ಕೆಳಗೆ ಎಷ್ಟು ಹೊತ್ತು ಇರುತ್ತೇವೆ ಎಂಬುದು ನಮ್ಮ ಕೌಶಲವನ್ನು ಅವಲಂಬಿಸಿದೆ. ಈಗ ಅನೇಕ ತಂಡಗಳು ಮೂರನೇ ಶಿಬಿರವನ್ನೇ ಬಿಟ್ಟು ಎರಡನೆಯದರಿಂದ ನೇರ ಶಿಖರಕ್ಕೆ ಹೋಗಿಬರುತ್ತವೆ. ಚುರುಕಾಗಿ ಹತ್ತಿ ಇಳಿಯಬಲ್ಲವರಿಗಷ್ಟೇ ಅದು ಸಾಧ್ಯ. ಒಬ್ಬರು ತಡವರಿಸಿದರೆ ಹಿಂದಿನವರೆಲ್ಲ ಚಳಿಯಲ್ಲಿ ಕಾಯಬೇಕು. ಸಿಕ್ಕಿಬಿದ್ದವರನ್ನು ಕರೆತರಲು ಮತ್ತೆ ಮೇಲೇರುವವನು ಶೆರ್ಪಾ. ಅಪಾಯದ ದೊಡ್ಡ ಪಾಲು ಹೊರುವವರೂ ಇಂಥ ಕೆಲಸಗಾರರೇ: 2014ರ ಏಪ್ರಿಲ್‌ನಲ್ಲಿ ಎವರೆಸ್ಟ್‌ನ ಖುಂಬು ಹಿಮಪ್ರವಾಹದಲ್ಲಿ ಮಡಿದ 16 ಮಂದಿಯೂ ನೇಪಾಳಿ ಕೆಲಸಗಾರರೇ. ಮೇಲಿನ ಶಿಬಿರಗಳಿಗೆ ಸಾಮಾನು ಸಾಗಿಸುವ ಕೆಲಸ ಅವರದಾಗಿತ್ತು. ಹಾಗಾಗಿ ಸಿದ್ಧತೆಯಿಲ್ಲದೆ ಹೊರಡುವುದನ್ನು ‘ನನ್ನ ಜೀವ, ನನ್ನ ಇಷ್ಟ’ ಎಂದು ಸಮರ್ಥಿಸಿಕೊಳ್ಳಲಾಗದು.

2025ರಲ್ಲಿ ನೇಪಾಳದ ಸಂಸತ್ತಿಗೆ ಬಂದ ಪ್ರವಾಸೋದ್ಯಮ ಮಸೂದೆ, ಎವರೆಸ್ಟ್ ಏರಬಯಸುವವರು ಮೊದಲು ಆ ದೇಶದ 7,000 ಮೀಟರ್ ಮೀರಿದ ಶಿಖರವೊಂದನ್ನು ಏರಿರಬೇಕೆಂಬ ಷರತ್ತನ್ನು ಮುಂದಿಟ್ಟಿತು. ಆಶಯ ಸರಿ, ಅಳತೆಗೋಲು ಸರಿಯಿಲ್ಲ. ಅಷ್ಟೊಂದು ಕೌಶಲ ಬೇಡುವ ಅಮಾ ದಬ್ಲಾಮ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಎತ್ತರ ದೇಹವನ್ನು ಪರೀಕ್ಷಿಸುತ್ತದೆ. ಹಗ್ಗದ ಮೇಲಿನ ಕೈಚಳಕವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ನಮ್ಮ ಉತ್ತರಕಾಶಿ, ಡಾರ್ಜಿಲಿಂಗ್ ಪರ್ವತಾರೋಹಣ ಸಂಸ್ಥೆಗಳ ಪದ್ಧತಿ ಇದಕ್ಕಿಂತ ಉತ್ತಮ. ಅಲ್ಲಿ ಬೇಸಿಕ್ ಕೋರ್ಸ್‌ನಲ್ಲಿ ‘ಎ’ ಶ್ರೇಣಿ ಪಡೆದವರಿಗಷ್ಟೇ ಅಡ್ವಾನ್ಸ್ ಕೋರ್ಸ್‌ನ ಬಾಗಿಲು ತೆರೆಯುತ್ತದೆ.

ಹೋಗದೆ ಅನುಭವ ಬರುವುದೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಲಿಯುವ ಜಾಗ ಬೇರೆಯೇ ಇದೆ. ಬಾದಾಮಿ, ರಾಮನಗರದ ಬಂಡೆಗಳಲ್ಲಿ ಕೈಕಾಲು ಪಳಗಿಸಿ, ಕೋರ್ಸ್ ಮುಗಿಸಿ, ನೇಪಾಳದ ಐಲ್ಯಾಂಡ್ ಪೀಕ್, ಲೊಬುಚೆ ಈಸ್ಟ್‌ನಂಥ ಶಿಖರಗಳಲ್ಲಿ ಮಾರ್ಗದರ್ಶಕರೊಂದಿಗೆ ಪಾಠ ಕಲಿಯಬಹುದು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹವಾಮಾನ ಕೆಟ್ಟು ಕರ್ನಾಟಕದ ಒಂಬತ್ತು ಮಂದಿ ಸತ್ತರು. ನಡೆದು ಹೋಗುವ ದಾರಿಯಲ್ಲೇ ಹಿಮಾಲಯ ಅಷ್ಟು ನಿಷ್ಠುರವಾದರೆ, ಹಗ್ಗಕ್ಕೆ ನೇತುಬೀಳುವ ದಾರಿಗೆ ಇನ್ನೆಷ್ಟು ಸಿದ್ಧತೆ ಬೇಕು?

ಆಗಬೇಕಾದದ್ದು ಸ್ಪಷ್ಟ. ನೇಪಾಳ ತನ್ನ ಶಿಖರಗಳನ್ನು ಕಾಠಿಣ್ಯದ ಪ್ರಕಾರ ವರ್ಗೀಕರಿಸಿ, ಅದಕ್ಕೆ ತಕ್ಕ ಆರೋಹಣದ ದಾಖಲೆ ಕೇಳಬೇಕು. ಬೇಸ್ ಕ್ಯಾಂಪ್‌ನಲ್ಲಿ ಹಗ್ಗದ ಪರೀಕ್ಷೆ ಪಾಸಾಗದವರನ್ನು ಆಯೋಜಕರು ಮೇಲೆ ಬಿಡಬಾರದು. ಇದನ್ನು ಶುಲ್ಕ ಕಟ್ಟಿಸಿಕೊಳ್ಳುವಾಗಲೇ ಬರೆದು ಕೊಡಬೇಕು. ಸೇರುವವರೂ ಕೇಳಬೇಕು: ಒಬ್ಬ ಶೆರ್ಪಾಗೆ ಎಷ್ಟು ಜನ? ಶೆರ್ಪಾಗಳಿಗೆ ವಿಮೆ ಎಷ್ಟು? ಹಿಂದಿರುಗುವ ತೀರ್ಮಾನ ಯಾರದು? ಉತ್ತರಕ್ಕೆ ತಡವರಿಸುವ, ನಿಮ್ಮ ಅನುಭವವನ್ನು ವಿಚಾರಿಸದೆಯೇ ಹಣ ಪಡೆಯಲು ಮುಂದಾಗುವ ಸಂಸ್ಥೆಯೊಂದಿಗೆ ಬೆಟ್ಟ ಹತ್ತಬೇಡಿ.