ಪ್ರತಿ ಇದೆ, ಆದರೆ ತೆರೆಯುತ್ತದೆಯೇ?

ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ, ನಿಕಾಹ್‌ನ ದಾಖಲೆ ಮುಂತಾದವನ್ನು ನಮ್ಮ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಎಲ್ಲಿದೆಯೆಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗಾದರೂ ತಿಳಿದಿರುತ್ತಿತ್ತು. ಇಂದು ಆ ಪೆಟ್ಟಿಗೆಯ ಜಾಗಕ್ಕೆ ಕಂಪ್ಯೂಟರ್ ಮತ್ತು ಮೊಬೈಲ್ ಬಂದಿವೆ. ದಾಖಲೆಗಳ ಜೊತೆಗೆ ಮಕ್ಕಳ ಬಾಲ್ಯದ ಚಿತ್ರಗಳು, ಗಲ್ಫಿನಲ್ಲಿರುವ ಮಗ ಕಳಿಸಿದ ಧ್ವನಿ ಸಂದೇಶಗಳು, ಅಂಗಡಿಯ ಲೆಕ್ಕ ಎಲ್ಲವೂ ಅದರಲ್ಲೇ. “ಬ್ಯಾಕಪ್ ಇದೆಯೇ?” ಎಂದು ಕೇಳಿದರೆ “ಇದೆ” ಎನ್ನುವವರು ಸಿಗುತ್ತಾರೆ. “ಅದರಿಂದ ಒಂದು ಫೈಲನ್ನಾದರೂ ಮರಳಿ ತೆಗೆದು ನೋಡಿದ್ದೀರಾ?” ಎಂದರೆ ಮಾತ್ರ ಉತ್ತರವಿಲ್ಲ.

ಇದು ಸಾಮಾನ್ಯ ಜನರ ಅಸಡ್ಡೆ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಪಿಕ್ಸಾರ್ ಸಂಸ್ಥೆ 1998ರಲ್ಲಿ ‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಿತ್ರವನ್ನು ತಯಾರಿಸುತ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಚಿತ್ರದ ಫೈಲುಗಳು ಒಂದೊಂದಾಗಿ ಅಳಿಯತೊಡಗಿದವು. ಯಂತ್ರದ ವಿದ್ಯುತ್ ಸಂಪರ್ಕ ಕಿತ್ತುಹಾಕುವಷ್ಟರಲ್ಲಿ ಬಹುಭಾಗ ಹೋಗಿಯಾಗಿತ್ತು. ಬ್ಯಾಕಪ್ ಇದೆಯಲ್ಲ ಎಂದು ಧೈರ್ಯ ತಂದುಕೊಂಡು ತೆರೆದರೆ, ಅದು ಹಲವು ವಾರಗಳಿಂದ ಸರಿಯಾಗಿ ನಡೆದೇ ಇರಲಿಲ್ಲ! ಕೊನೆಗೆ ಕೆಲಸಕ್ಕೆ ಬಂದದ್ದು ಒಬ್ಬ ತಾಯಿಯ ಕಂಪ್ಯೂಟರ್. ತಾಂತ್ರಿಕ ವಿಭಾಗದ ಗ್ಯಾಲಿನ್ ಸುಸ್ಮನ್ ಎಂಬವರು ಹೆರಿಗೆಯಾದ ಬಳಿಕ ಮನೆಯಿಂದಲೇ ದುಡಿಯುತ್ತಿದ್ದುದರಿಂದ ಚಿತ್ರದ ಒಂದು ಪ್ರತಿ ಅವರ ಮನೆಯಲ್ಲಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು, ಹಸುಗೂಸನ್ನು ತರುವಂತೆ ತಂದರು.

ಹಳೆಯ ಕಾಲದ ಕಥೆ ಎನ್ನುತ್ತೀರಾ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ರಾತ್ರಿ ಹೊತ್ತು ದುರಸ್ತಿಯಲ್ಲಿದ್ದ ಎಂಜಿನಿಯರರೊಬ್ಬರು ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಮಾಹಿತಿಯನ್ನು ಅಳಿಸಿಬಿಟ್ಟರು. ಸುಮಾರು 300 ಜಿ.ಬಿ.ಯಲ್ಲಿ ಉಳಿದದ್ದು ನಾಲ್ಕೂವರೆ ಜಿ.ಬಿ. ಮಾತ್ರ. ಬ್ಯಾಕಪ್ ಇಡುವ ಜಾಗ ನೋಡಿದರೆ ಖಾಲಿ. ಬ್ಯಾಕಪ್ ಮಾಡುವ ತಂತ್ರಾಂಶವು ಡೇಟಾಬೇಸ್‌ಗೆ ಹೊಂದದ ಹಳೆಯ ಆವೃತ್ತಿಯದಾದ್ದರಿಂದ ಪ್ರತಿ ಬಾರಿಯೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇ-ಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆ ಮೊದಲು ಅದೃಷ್ಟವಶಾತ್ ತೆಗೆದಿಟ್ಟ ಪ್ರತಿಯಿಂದ ಸಂಸ್ಥೆ ಚೇತರಿಸಿಕೊಂಡಿತು. ಆದದ್ದನ್ನು ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿದರು. ಅದು ಮೆಚ್ಚತಕ್ಕದ್ದೇ.

ಮದ್ರಸದಲ್ಲಿ ಮಗು “ಪಾಠ ಬರುತ್ತದೆ” ಎಂದರೆ ಉಸ್ತಾದರು ನಂಬಿ ಬಿಡುವುದಿಲ್ಲ, ಕಿತಾಬು ಮುಚ್ಚಿಸಿ ಒಪ್ಪಿಸಲು ಹೇಳುತ್ತಾರೆ. ಬ್ಯಾಕಪ್ಪನ್ನೂ ಹಾಗೆಯೇ ಒಪ್ಪಿಸಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ ನಿಮ್ಮ ಹಾರ್ಡ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯದೊಂದು ಫೋಟೋ, ಒಂದು ವೀಡಿಯೋ, ಒಂದು ದಾಖಲೆ ತೆರೆದು ನೋಡಿ. ಹೆಸರು ಕಾಣುವುದು ಬೇರೆ, ಫೈಲ್ ತೆರೆಯುವುದು ಬೇರೆ. ಮದುವೆಯ ಸಿ.ಡಿ.ಯನ್ನು ಕಪಾಟಿನಲ್ಲಿಟ್ಟವರು ಇದನ್ನು ಇಂದೇ ಮಾಡಲಿ. ಸಿ.ಡಿ.ಯ ಪದರ ವರ್ಷ ಕಳೆದಂತೆ ಕೆಡುತ್ತದೆ, ಅದನ್ನು ಓದುವ ಡ್ರೈವ್ ಇಂದಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲವೇ ಇಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಲೆಕ್ಕ ಮನೆಗೂ ಸಾಕು: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಮನೆಯ ಹೊರಗೆ. ಮನೆಯ ಹೊರಗಿನದು ಇಂಟರ್‌ನೆಟ್ಟಿನ ಸಂಗ್ರಹವಾಗಬಹುದು, ತಂಗಿಯ ಮನೆಯ ಕಪಾಟೂ ಆಗಬಹುದು. ನೆರೆ ಬಂದಾಗ ಲ್ಯಾಪ್‌ಟಾಪ್ ಮತ್ತು ಪಕ್ಕದ ಹಾರ್ಡ್ ಡಿಸ್ಕ್ ಒಟ್ಟಿಗೇ ಮುಳುಗುತ್ತವೆ. ಪ್ರತಿ ಮಾಡಿಯಾದ ಮೇಲೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸುಗಳು ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

“ನಮ್ಮ ಫೋಟೋಗಳೆಲ್ಲ ಗೂಗಲ್‌ನಲ್ಲಿವೆ” ಎಂದು ನಿಶ್ಚಿಂತರಾಗಿರುವವರಿಗೆ ಒಂದು ಮಾತು. ಅದು ಫೋನಿನೊಂದಿಗೆ ಹೊಂದಿಕೊಂಡು ನಡೆಯುವ ವ್ಯವಸ್ಥೆ. ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಅಲ್ಲಿಂದಲೂ ಫೋನಿನಿಂದಲೂ ಹೋಗುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ 60 ದಿನ ಉಳಿದು ಬಳಿಕ ಮಾಯವಾಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನೇ ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ತೀರಿಹೋದ ತಂದೆಯ ಖಾತೆಯಲ್ಲಿ ಚಿತ್ರಗಳಿರುವ ಮನೆಯವರು ಇದನ್ನು ಗಮನಿಸಬೇಕು.

ಎಲ್ಲವನ್ನೂ ಒಂದೇ ಜತನದಿಂದ ಕಾಯಬೇಕೆಂದೇನೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ಡಿಜಿಲಾಕರ್‌ನಲ್ಲಿ ಮತ್ತೆ ಸಿಗುತ್ತದೆ. ಗುಡ್ ಮಾರ್ನಿಂಗ್ ಚಿತ್ರಗಳು ಹೋದರೆ ಫೋನಿಗೇ ಆರಾಮ. ಆದರೆ ಅಜ್ಜಿಯ ಧ್ವನಿ ಯಾವ ಕಚೇರಿಯಲ್ಲೂ ಸಿಗದು. ಮತ್ತೆ ಸಿಗಲಾರದ್ದು ಯಾವುದೋ ಅದರ ಪ್ರತಿ ಮೊದಲು ಆಗಲಿ.

ಪ್ರತಿಯೇ ಇಲ್ಲದೆ ಮೆಮೊರಿ ಕಾರ್ಡಿನಿಂದ ಚಿತ್ರಗಳು ಅಳಿದುಹೋದರೆ ಆ ಕಾರ್ಡನ್ನು ಕೂಡಲೇ ಹೊರತೆಗೆಯಿರಿ, ಅದರಲ್ಲಿ ಇನ್ನೊಂದು ಫೋಟೋ ತೆಗೆಯಬೇಡಿ. ಅಳಿಸಿದ ಚಿತ್ರ ಸಾಮಾನ್ಯವಾಗಿ ತಕ್ಷಣ ನಾಶವಾಗುವುದಿಲ್ಲ, ಅದರ ಜಾಗ ಖಾಲಿಯೆಂದು ಗುರುತಾಗುತ್ತದೆ ಅಷ್ಟೆ. ಮೇಲೆ ಹೊಸತು ಬರೆಯದಿದ್ದರೆ ಮರಳಿ ತೆಗೆಯುವ ಸಾಧ್ಯತೆ ಇದೆ. ಹೊಸ ಕಂಪ್ಯೂಟರುಗಳ ಎಸ್‌.ಎಸ್‌.ಡಿ.ಯಲ್ಲಿ ಆ ಆಸೆ ಕಡಿಮೆ.

ಇನ್ನು ಉಳಿದದ್ದು ಬೀಗದ ಕೈ. ಬಹುತೇಕ ಮನೆಗಳಲ್ಲಿ ಪಾಸ್‌ವರ್ಡ್ ತಿಳಿದಿರುವುದು ಒಬ್ಬರಿಗೆ, ಹೆಚ್ಚಾಗಿ ಗಂಡನಿಗೆ ಅಥವಾ ದೊಡ್ಡ ಮಗನಿಗೆ. ಅವರು ಊರಲ್ಲಿಲ್ಲದಾಗ, ಅಥವಾ ಅವರೇ ಇಲ್ಲವಾದಾಗ? ಫೋನನ್ನೇ ಕಳೆದುಕೊಂಡರೆ ಒ.ಟಿ.ಪಿ. ಬರುವುದೆಲ್ಲಿಗೆ? ವಾಟ್ಸ್‌ಆಪ್‌ನ ಬ್ಯಾಕಪ್ ಮರಳಿ ಪಡೆಯಲು ಅದೇ ನಂಬರ್ ಬೇಕು. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೆಲ ಕಾಲದ ಬಳಿಕ ಬೇರೆಯವರ ಪಾಲಾಗುತ್ತದೆ. ಆ ಬ್ಯಾಕಪ್ಪಿಗೆ ಪ್ರತ್ಯೇಕ ಪಾಸ್‌ವರ್ಡ್ ಇಟ್ಟು ಮರೆತರೆ ವಾಟ್ಸ್‌ಆಪ್‌ನವರಿಗೂ ತೆರೆಯಲು ಬಾರದು. ಗೂಗಲ್‌ನ ಸೆಟ್ಟಿಂಗ್ಸ್‌ನಲ್ಲಿ, ಖಾತೆ ನಿಷ್ಕ್ರಿಯವಾದರೆ ಯಾರಿಗೆ ತಿಳಿಸಬೇಕೆಂದು ಮೊದಲೇ ಸೂಚಿಸುವ ಅನುಕೂಲವಿದೆ. ಅಲ್ಲಿ ಹೆಂಡತಿಯ ಹೆಸರನ್ನೋ ಮಗಳ ಹೆಸರನ್ನೋ ಸೇರಿಸಿ. ಫೋನ್ ಇಲ್ಲದಾಗ ಒಳಹೋಗಲು ಅದೇ ಖಾತೆ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಡಿಸ್ಕಿನಲ್ಲಿ ಏನಿದೆ, ಕೊನೆಯ ಬಾರಿ ತೆರೆದು ನೋಡಿದ ದಿನಾಂಕ ಯಾವುದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು, ಜಮೀನಿನ ಪತ್ರ ಇರುವ ಆ ಹಳೆಯ ಪೆಟ್ಟಿಗೆಯಲ್ಲೇ ಇಡಿ.