ಹಳೆಯ ಫೋನು, ಬ್ಯಾಟರಿ ಮತ್ತು ವಾರಂಟಿಯ ಮಾತು

ಸೋಮವತಿ ಅಮಾವಾಸ್ಯೆಯ ದಿನ ಜೇಜುರಿಯಲ್ಲಿ ಹೋಟೆಲಿನ ಗಲ್ಲೆಯನ್ನು ನೋಡಿಕೊಳ್ಳುವುದೆಂದರೆ ಸಾಮಾನ್ಯ ಕೆಲಸವಲ್ಲ. ಖಂಡೋಬನ ಪಲ್ಲಕ್ಕಿಯು ಗುಡ್ಡದಿಂದ ಇಳಿದು ಕರ್ಹಾ ನದಿಗೆ ಹೊರಡುವ ಹೊತ್ತಿಗೆ ಬೀದಿಯೆಲ್ಲ ಭಂಡಾರದಿಂದ ಹಳದಿಯಾಗಿರುತ್ತದೆ. ನಮ್ಮ ಮೈಲಾರನೇ ಇಲ್ಲಿಯ ಖಂಡೋಬನೆಂದು ನಂಬಿ ಬರುವ ಕನ್ನಡ ನಾಡಿನ ಯಾತ್ರಿಕರೂ ಆ ಸಂದಣಿಯಲ್ಲಿರುತ್ತಾರೆ. ಇಂಥದೊಂದು ದಿನ, ಮಧ್ಯಾಹ್ನವಾಗುವುದರೊಳಗೆ, ಅಲ್ಲಿ ದುಡಿಯುವ ಉಡುಪಿ ಕಡೆಯ ತರುಣನೊಬ್ಬನ ಫೋನು ಕಣ್ಣು ಮುಚ್ಚಿತು. ನೂರಕ್ಕೆ 30ರಷ್ಟು ಚಾರ್ಜು ಉಳಿದಿದೆಯೆಂದು ಪರದೆಯು ತೋರಿಸುತ್ತಿದ್ದಾಗಲೇ ಹೀಗಾಯಿತು. ತಾಯಿಯ ಔಷಧಕ್ಕೆಂದು ಆ ದಿನ ಊರಿಗೆ ಹಣ ಕಳುಹಿಸಬೇಕಾಗಿತ್ತು. ಅವನ ಪಾಲಿಗೆ ಬ್ಯಾಂಕು ಎಂಬುದೆಲ್ಲ ಆ ಫೋನಿನೊಳಗೇ ಇತ್ತು. ರಾತ್ರಿ ಪಾಳಿ ಮುಗಿಸಿ ಕೋಣೆಗೆ ಹೋಗಿ ಚಾರ್ಜು ಮಾಡಿದ ಮೇಲೆಯೇ ಹಣ ಹೋಯಿತು.

ಆ ಫೋನನ್ನು ಅವನು ಎರಡು ತಿಂಗಳ ಹಿಂದೆ ಪುಣೆಯ ಅಂಗಡಿಯೊಂದರಲ್ಲಿ 9,000 ರೂಪಾಯಿಗೆ ಕೊಂಡಿದ್ದನು. 'ರಿಫರ್ಬಿಷ್ಡ್' ಮಾಲು, ಅಂದರೆ ಒಬ್ಬರು ಬಳಸಿ ಬಿಟ್ಟದ್ದನ್ನು ದುರಸ್ತಿ ಮಾಡಿ ಹೊಳಪು ಕೊಟ್ಟದ್ದು. ಆರು ತಿಂಗಳ ವಾರಂಟಿ ಎಂದು ಬಾಯಲ್ಲಿ ಹೇಳಿದ್ದರು. ರಜೆ ಪಡೆದು, ಒಂದು ದಿನದ ಕೂಲಿಯನ್ನು ಬಿಟ್ಟು, 50 ಕಿಲೋಮೀಟರು ಬಸ್ಸಿನಲ್ಲಿ ಹೋಗಿ ಕೇಳಿದ್ದಕ್ಕೆ ದೊರೆತ ಉತ್ತರ ಇಷ್ಟೇ: "ವಾರಂಟಿ ಫೋನಿಗೆ, ಬ್ಯಾಟರಿಗಲ್ಲ."

ಈ ಒಂದು ವಾಕ್ಯದ ವಿಚಾರವಾಗಿಯೇ ನಾಲ್ಕು ಮಾತು ಬರೆಯಬೇಕೆನಿಸಿತು. ಹಳೆಯ ಫೋನು ಕೊಳ್ಳುವುದು ನಾಚಿಕೆಯ ವಿಷಯವೇನೂ ಅಲ್ಲ. ಸಂಬಳವನ್ನೆಲ್ಲ ಹೊಸ ಫೋನಿನ ಕಂತಿಗೆ ಸುರಿಯುವುದಕ್ಕಿಂತ ಅದು ಎಷ್ಟೋ ವಿವೇಕದ ಕೆಲಸ. ಆದರೆ ಹಳೆಯ ಫೋನಿನಲ್ಲಿ ನಿಜವಾಗಿ ಹಳತಾಗುವ ವಸ್ತುವೆಂದರೆ ಮೊದಲು ಬ್ಯಾಟರಿಯೇ. ಗಾಜನ್ನು ಒರೆಸಬಹುದು, ಹಿಂಬದಿಯ ಹೊದಿಕೆಯನ್ನು ಬದಲಿಸಬಹುದು. ಬ್ಯಾಟರಿಯ ವಯಸ್ಸನ್ನು ಒರೆಸಿ ತೆಗೆಯಲಾಗದು. ಅದನ್ನೇ ಬಿಟ್ಟು ಉಳಿದುದಕ್ಕೆಲ್ಲ ಹೊಣೆ ಹೊರುತ್ತೇವೆನ್ನುವುದು, ಎತ್ತಿನ ಕಾಲೊಂದನ್ನು ಬಿಟ್ಟು ಮಿಕ್ಕ ಎತ್ತಿಗೆಲ್ಲ ನಾನು ಜವಾಬುದಾರನೆಂದ ಹಾಗೆ.

ಇಂದಿನ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಅದರ ಆಯುಸ್ಸನ್ನು ಆವೃತ್ತಿಗಳಲ್ಲಿ ಎಣಿಸುತ್ತಾರೆ. ಇಂದು ಅರ್ಧ, ನಾಳೆ ಅರ್ಧ ಖರ್ಚಾದರೆ ಎರಡೂ ಸೇರಿ ಒಂದು ಆವೃತ್ತಿ. ಐಫೋನ್ 14ರವರೆಗಿನ ಫೋನುಗಳ ಬ್ಯಾಟರಿಯು 500 ಆವೃತ್ತಿಗಳಾದ ಮೇಲೆ ಮೂಲ ಶಕ್ತಿಯಲ್ಲಿ ನೂರಕ್ಕೆ 80ರಷ್ಟನ್ನು ಉಳಿಸಿಕೊಳ್ಳುವಂತೆ ರಚಿತವಾದುದೆಂದು ತಯಾರಕರೇ ಹೇಳುತ್ತಾರೆ; 15ರಿಂದ ಈಚಿನವುಗಳಿಗೆ 1,000 ಆವೃತ್ತಿ. ದಿನಕ್ಕೊಂದು ಆವೃತ್ತಿಯಾದರೆ 500 ಮುಗಿಯಲು ಒಂದೂವರೆ ವರ್ಷವೂ ಬೇಕಾಗಿಲ್ಲ. ಎರಡು ಮೂರು ವರ್ಷ ದುಡಿದ ಫೋನು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಮದುಮಗನಂತೆ ಕುಳಿತಿದ್ದರೂ ಅದರ ಹೊಟ್ಟೆಯೊಳಗಿನ ಲೆಕ್ಕ ಬೇರೆಯೇ ಇರುತ್ತದೆ. ಬಳಸದೆ ಇಟ್ಟರೂ ಬ್ಯಾಟರಿ ಸವೆಯುವುದರಿಂದ 'ಹೆಚ್ಚು ಬಳಸಿಯೇ ಇಲ್ಲ' ಎಂಬ ಮಾತಿಗೂ ಪೂರ್ತಿ ಬೆಲೆಯಿಲ್ಲ.

ಮೂವತ್ತು ತೋರಿಸುತ್ತಿರುವಾಗಲೇ ಫೋನು ಆರಿಹೋಗುವುದೇಕೆ? ವಯಸ್ಸಾದ ಬ್ಯಾಟರಿಯ ಒಳರೋಧ ಹೆಚ್ಚುತ್ತದೆ. ಕ್ಯಾಮೆರಾವನ್ನೋ ಹಣ ಕಳುಹಿಸುವ ಆಪನ್ನೋ ತೆರೆದಾಗ ಒಮ್ಮೆಲೇ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ, ಆಗ ವೋಲ್ಟೇಜು ಕುಸಿಯುತ್ತದೆ, ಫೋನು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ನಮ್ಮ ತಪ್ಪೂ ಒಂದುಂಟು. ಅಡಿಗೆಮನೆಯಲ್ಲಿ ಒಲೆಯ ಪಕ್ಕದ ಹಲಗೆಯ ಮೇಲೆ ಫೋನಿಟ್ಟು ದೋಸೆ ಹೊಯ್ಯುವ ರೂಢಿ ನಮ್ಮಲ್ಲಿದೆ. ಬ್ಯಾಟರಿಗೆ ಶಾಖದಷ್ಟು ದೊಡ್ಡ ವೈರಿ ಮತ್ತೊಂದಿಲ್ಲ. (ಜೇಜುರಿಯವರು ಭಂಡಾರದ ಪುಡಿಯನ್ನು ಚಾರ್ಜಿನ ತೂತಿನಿಂದ ದೂರವಿಡುವುದೂ ಒಳ್ಳೆಯದು.) ಬ್ಯಾಟರಿ ಉಬ್ಬಿ ಗಾಜು ಮೇಲೆದ್ದರಂತೂ ಕೂಡಲೇ ಬಳಕೆಯನ್ನು ನಿಲ್ಲಿಸತಕ್ಕದ್ದು, ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಬೆಂಕಿಗೆ ಕರೆ ಕೊಟ್ಟಂತೆ.

ಆದುದರಿಂದ ಹಣ ಎಣಿಸುವ ಮೊದಲೇ ಅಂಗಡಿಯಲ್ಲಿ ನಿಂತು ಕೇಳಬೇಕು. ಐಫೋನಾದರೆ ಸೆಟ್ಟಿಂಗ್ಸಿನ ಬ್ಯಾಟರಿ ಪುಟದಲ್ಲಿ ಉಳಿದ ಸಾಮರ್ಥ್ಯವು ನೂರಕ್ಕೆ ಎಷ್ಟೆಂದು ಕಾಣುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿಯೂ ಈ ಸೌಕರ್ಯವಿದೆ. ಬ್ಯಾಟರಿ ಬದಲಿಸಿದ್ದೇವೆಂದರೆ ಯಾವುದನ್ನು ಹಾಕಿದಿರೆಂದು ಕೇಳಿರಿ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯು ಬಿಲ್ಲಿನಲ್ಲಿರುವ ಸಂಖ್ಯೆಯೊಡನೆ ಕೂಡಬೇಕು. ಎಲ್ಲಕ್ಕೂ ಮಿಗಿಲಾಗಿ, ವಾರಂಟಿಯ ಅವಧಿಯನ್ನೂ 'ಬ್ಯಾಟರಿ ಸಹಿತ' ಎಂಬ ಎರಡು ಶಬ್ದಗಳನ್ನೂ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿರಿ. ಬರೆಯಲೊಲ್ಲೆನೆಂದರೆ ಅದೇ ಅವನ ಉತ್ತರವೆಂದು ತಿಳಿದು ಮುಂದಿನ ಅಂಗಡಿಗೆ ನಡೆಯುವುದು ಲೇಸು.

ಕಾನೂನು ನಮ್ಮ ಕಡೆಗೆ ಇಲ್ಲದೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಹಳೆಯದನ್ನು ಹೊಸದೆಂದು ಮಾರುವುದೂ, ಮಾರಿದ ಮಾಲಿಗೆ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯನ್ನೇ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ಪರಸ್ಥಳದಲ್ಲಿ ದುಡಿಯುವ ನಮಗೆ ಇದಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ: ದೂರುದಾರನು ವಾಸಿಸುವ ಅಥವಾ ಸ್ವತಃ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಫೋನನ್ನು ಬೆಂಗಳೂರಿನಿಂದ ತರಿಸಿದ್ದರೂ ಜೇಜುರಿಯಲ್ಲಿ ದುಡಿಯುವವನು ಪುಣೆಯಲ್ಲಿ ದೂರಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಅದಕ್ಕೂ ಮೊದಲು 1915 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ತಕರಾರು ಹೇಳಿಕೊಳ್ಳಬಹುದು. ಮರಾಠಿಯಲ್ಲಿ ವಾದಿಸಲು ಬಾರದೆಂದು ಬಾಯಿ ಮುಚ್ಚಿಕೊಂಡು ಬರುವ ಕಾರಣವಿಲ್ಲ.

ಆದರೂ ಒಬ್ಬೊಬ್ಬ ಮಾಣಿಯೂ ಗುಮಾಸ್ತನೂ ರಜೆ ಹಾಕಿ ವ್ಯಾಜ್ಯವಾಡಲೆಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾರುಕಟ್ಟೆಗೆ ಬರುವ ಹೊಸ ಸ್ಮಾರ್ಟ್‌ಫೋನುಗಳ ಬ್ಯಾಟರಿಯು 800 ಆವೃತ್ತಿಗಳ ನಂತರವೂ ನೂರಕ್ಕೆ 80 ಶಕ್ತಿಯನ್ನು ಉಳಿಸಿಕೊಂಡಿರಬೇಕೆಂಬ ನಿಯಮ ಜಾರಿಯಲ್ಲಿದೆ. ನಮ್ಮ ಸರಕಾರವು ಹಳೆಯ ಫೋನು ಮಾರುವವರಿಗೆ ಇನ್ನೂ ಸಣ್ಣದೊಂದು ಕಟ್ಟಳೆಯನ್ನು ವಿಧಿಸಲಿ: ಬ್ಯಾಟರಿಯಲ್ಲಿ ಉಳಿದ ಸಾಮರ್ಥ್ಯವನ್ನು ಅಳೆದು ಬಿಲ್ಲಿನ ಮೇಲೆ ಬರೆಯಬೇಕು, ವಾರಂಟಿಯಿಂದ ಬ್ಯಾಟರಿಯನ್ನು ಹೊರಗಿಡಕೂಡದು. ಧಾನ್ಯ ಮಾರುವವನು ತೂಕ ತೋರಿಸುತ್ತಾನಲ್ಲವೆ?

ನಮ್ಮ ತರುಣನ ಬಿಲ್ಲಿನಲ್ಲಿ ಬೆಲೆಯೊಂದನ್ನು ಬಿಟ್ಟರೆ ವಾರಂಟಿಯ ಮಾತೂ ಇಲ್ಲ, ಐಎಂಇಐ ಸಂಖ್ಯೆಯೂ ಇಲ್ಲ. ಆದರೂ ಅವನು 1915ಕ್ಕೆ ಕರೆ ಮಾಡಿ ದೂರು ಬರೆಯಿಸಿದನು. ಕೆಲವು ದಿನಗಳಾದ ಮೇಲೆ ಅಂಗಡಿಯವರೇ ಕರೆ ಮಾಡಿ, ಅರ್ಧ ಬೆಲೆಗೆ ಹೊಸ ಬ್ಯಾಟರಿ ಹಾಕಿಕೊಡುತ್ತೇವೆಂದರಂತೆ. ಅವನು ಇನ್ನೂ ಒಪ್ಪಿಲ್ಲ.